ಏರಿ ಮೇಲಿನ ಹುಣಸೆಮರ

ಕೋಲಾರ

ಚಿ. ಪುಟ್ಟಿಗೆ ಮಾವ ಮಾಡುವ ಆಶೀರ್ವಾದ.

ಇಲ್ಲಿ ಎಲ್ಲರೂ ಕ್ಷೇಮ. ರಾಗಿ ಕೊಯ್ಲು ಮುಗಿದು ಮೆದೆ ಹಾಕಿದ್ದಾಯಿತು. ಮೊನ್ನೆ ಅಟ್ಟ ಗುಡಿಸುವಾಗ ನಿನ್ನ ಹಳೇ ಚಿತ್ರಗಳ ಸುರುಳಿ ಸಿಕ್ಕಿತು. ಒಲೆಗೆ ಹಾಕಿಬಿಡಿ ಅಂತ ನಿಮ್ಮಮ್ಮನಿಗೆ ಹೇಳಿದ್ದೆಯಂತೆ. ನಾನು ಹಾಕಲು ಬಿಡಲಿಲ್ಲ.

ಹೊಲ, ಮರ ಎಲ್ಲಾ ಕ್ಯಾಲೆಂಡರ್ ಚಿತ್ರ, ಇನ್ಮೇಲೆ ಬರೀ ಅಮೂರ್ತ, ಅಂದರೆ ವಸ್ತು ಗುರುತಾಗದ ಬರೀ ಗೆರೆ-ಬಣ್ಣದ ಚಿತ್ರ, ಅಂತ ಪತ್ರದಲ್ಲಿ ಬರೆದಿದ್ದೀಯ. ಬರಿ ಮಗಳೇ, ನನಗೇನೂ ಬೇಸರವಿಲ್ಲ. ಆದರೆ ನಿನ್ನ ರೂಮಿನ ಗೋಡೆ ಮೇಲೆ ಯಾರ ಅಮೂರ್ತ ಚಿತ್ರ ಇದೆಯೋ, ಆ ಚಿತ್ರಗಾರ ಮಾಂಡ್ರಿಯನ್ ಎಲ್ಲಿಂದ ಶುರು ಮಾಡಿದ ಅಂತ ನೋಡು. 1872ರಲ್ಲಿ ನೆದರ್‌ಲ್ಯಾಂಡ್ಸ್‌ನಲ್ಲಿ ಹುಟ್ಟಿದವನು. ಚಿಕ್ಕಪ್ಪ ಫ್ರಿಟ್ಸ್ ಜೊತೆ ಹೊರಗೆ ಬಯಲಲ್ಲಿ ಕೂತು ಚಿತ್ರ ಕಲಿತ. ಹೊಳೆ ದಡ, ಗಾಳಿಗಿರಣಿ, ಹಟ್ಟಿ ಮನೆ ಬರೆದ. ಆಂಸ್ಟರ್‌ಡ್ಯಾಂ ಪಕ್ಕದ ಒಂದು ರೈತನ ಮನೆಯನ್ನಂತೂ ಮತ್ತೆ ಮತ್ತೆ ಬರೆದಿದ್ದಾನೆ. ಮುಂದೆ ಬೋಳು ಮರಗಳು, ಕೆಳಗೆ ನೀರಿನಲ್ಲಿ ಅವುಗಳ ನೆರಳು. ಅಮೂರ್ತಕ್ಕೆ ಬಂದ ಮೇಲೂ, ಸುಮಾರು 1916ರಲ್ಲಿ, ಅದೇ ಮನೆಗೆ ವಾಪಸ್ ಹೋದ.

ಅವನ ಮರಗಳನ್ನು ಸಾಲಾಗಿ ಇಟ್ಟು ನೋಡು. 1908ರಲ್ಲಿ ಶುರು ಮಾಡಿದ ಕೆಂಪು ಮರ ಇನ್ನೂ ಮರವೇ, ನೀಲಿ ಸಂಜೆಯಲ್ಲಿ ಕೆಂಪು ಕೊಂಬೆಗಳು. 1911ರ ಬೂದು ಮರದಲ್ಲಿ ಕೊಂಬೆಗೆ ಎಷ್ಟು ಬಣ್ಣವೋ ನಡುವಿನ ಸಂದಿಗೂ ಅಷ್ಟೇ ಬಣ್ಣ. 1912ರ ಸೇಬಿನ ಮರದಲ್ಲಿ ಉಳಿದದ್ದು ಬಾಗಿದ ಗೆರೆಗಳು ಮಾತ್ರ. ಎಲೆ ಉದುರಿದ ಹಾಗೆ ಒಂದೊಂದೇ ಬಿಟ್ಟಿದ್ದಾನೆ, ಅಲ್ವಾ?

ಆ ಸುರುಳಿಯಲ್ಲಿ ಕೆರೆ ಏರಿ ಮೇಲಿನ ಹುಣಸೆಮರದ ಚಿತ್ರವೂ ಇದೆ. ಅದರಲ್ಲಿ ಎಡಗಡೆ ಕೊಂಬೆಗಳ ಸಂದಿಯಲ್ಲಿ ಪೇಪರ್ ಬಿಳಿಯಾಗೇ ಉಳಿದಿದೆ. ಅಲ್ಲೂ ಬಣ್ಣ ತುಂಬು ಅಂತ ಅವತ್ತು ಗದರಿದ್ದೆ. ತಪ್ಪು ನನ್ನದು ಪುಟ್ಟಿ. ಆ ಬಿಳಿ ಮುಮ್ಮೂಲೆ ತುಂಡುಗಳು ಕೊಂಬೆಗಿಂತ ಗಟ್ಟಿಯಾಗಿ ನಿಂತಿವೆ. ನೀನೀಗ ಹುಡುಕುತ್ತಿರುವುದು ಆವತ್ತೇ ನಿನ್ನ ಕೈಗೆ ಬಂದಿತ್ತು.

ಸಂಕ್ರಾಂತಿಗೆ ಬಾ, ಎಂಟು ದಿನ ಇರು. ದಿನಾ ಬೆಳಗ್ಗೆ ಅದೇ ಮರ, ಅದೇ ಜಾಗದಿಂದ ಬರಿ. ಏನು ಬಿಡಬೇಕು ಅನ್ನೋದನ್ನ ಮೊದಲೇ ತೀರ್ಮಾನ ಮಾಡ್ಕೊಂಡು ಬರಬೇಡ. ನೀನು ಬರೆದಾಗ ಕೆರೆ ತುಂಬಾ ಜಾಲಿ ಇತ್ತು. ಈಗ ಬೆಂಗಳೂರಿನ ಕೊಳಚೆ ನೀರನ್ನು ಶುದ್ಧ ಮಾಡಿ ಬಿಡುವ ಕೆ.ಸಿ. ವ್ಯಾಲಿ ನೀರು ಬಂದಿದೆ. ಬೆಳಗ್ಗೆ ಗಾಳಿ ಏಳುವ ಮುಂಚೆ ಮರ ಪೂರ್ತಿ ನೀರಿನಲ್ಲಿ ತಲೆಕೆಳಗಾಗಿ ಕಾಣುತ್ತದೆ. ಬಣ್ಣ ತರಬೇಡ. ಇದ್ದಿಲು ನಾನೇ ಮಾಡಿಟ್ಟಿರುತ್ತೇನೆ.

ನಿನ್ನ ಮಾವ