ಹೈದರಾಬಾದಿನ ಎರಡನೇ ಕೇಂದ್ರ ಮತ್ತು ನಿಮ್ಮ ಕಡೆಯ ಮೂರು ಕೆಲಸ

ಮಾನ್ಯ ಕಾರ್ಯದರ್ಶಿಗಳೇ,

ನಿಮ್ಮ ಸಹಕಾರ ಸಂಘದ ಲೆಕ್ಕಪತ್ರ ತಂತ್ರಾಂಶ ಇದುವರೆಗೆ ಬೆಂಗಳೂರಿನ ಒಂದೇ ಡೇಟಾ ಸೆಂಟರ್‌ನಿಂದ, ಅಂದರೆ ಸರ್ವರುಗಳಿರುವ ಒಂದೇ ಕಟ್ಟಡದಿಂದ, ನಡೆಯುತ್ತಿತ್ತು. ಮುಂದಿನ ತಿಂಗಳಿಂದ ಹೈದರಾಬಾದಿನಲ್ಲೂ ಅದರ ಪೂರ್ತಿ ಪ್ರತಿ ಸಿದ್ಧವಿರುತ್ತದೆ.

ಬೆಂಗಳೂರಿನಲ್ಲಿ ಫೈರ್‌ವಾಲ್ (ಜಾಲದ ಕಾವಲು), ಸ್ವಿಚ್ (ಸರ್ವರುಗಳನ್ನು ಜೋಡಿಸುವ ಸಾಧನ), ಇಂಟರ್ನೆಟ್ ಲೈನ್ ಎಲ್ಲವೂ ಈಗಾಗಲೇ ಎರಡೆರಡಿವೆ. ಒಂದು ಕೆಟ್ಟರೆ ಇನ್ನೊಂದು ಮೂರು-ನಾಲ್ಕು ಸೆಕೆಂಡಿನಲ್ಲಿ ಕೆಲಸಕ್ಕಿಳಿಯುತ್ತದೆ. ಆದರೆ ಕಟ್ಟಡಕ್ಕೇ ಅಪಾಯ ಬಂದರೆ ಈ ಜೋಡಿಗಳು ಕಾಯುವುದಿಲ್ಲ. 2021ರ ಮಾರ್ಚ್ 10ರಂದು ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಓವಿಎಚ್ ಕಂಪನಿಯ ಡೇಟಾ ಸೆಂಟರ್ ಸುಟ್ಟಾಗ, ಬ್ಯಾಕಪ್ಪನ್ನೂ ಅದೇ ಆವರಣದಲ್ಲಿಟ್ಟಿದ್ದವರಲ್ಲಿ ಹಲವರು ಎರಡನ್ನೂ ಕಳೆದುಕೊಂಡರು.

ಬೆಂಗಳೂರು ಕೇಂದ್ರ ನಿಂತರೆ ಕೆಲಸವನ್ನು ಹೈದರಾಬಾದಿಗೆ ಸ್ಥಳಾಂತರಿಸುತ್ತೇವೆ. ಆಗ ವೆಬ್ (ನಿಮಗೆ ಕಾಣುವ ಪುಟ), ಅಪ್ಲಿಕೇಶನ್ (ಲೆಕ್ಕ ಮಾಡುವ ಭಾಗ), ಡೇಟಾಬೇಸ್ (ದಾಖಲೆಗಳ ಸಂಗ್ರಹ) ಎಂಬ ಮೂರು ಹಂತಗಳೂ ಒಟ್ಟಿಗೇ ಹೋಗುತ್ತವೆ, ಬಿಡಿಬಿಡಿಯಾಗಿ ಅಲ್ಲ. ಒಂದು ಹಂತ ಅಲ್ಲಿ, ಇನ್ನೊಂದು ಇಲ್ಲಿ ಉಳಿದು, ಎರಡು ಊರುಗಳ ನಡುವೆ ಒಂದು ಪ್ರಶ್ನೆ ಹೋಗಿ ಉತ್ತರ ಬರಲು 12 ಮಿಲಿಸೆಕೆಂಡ್ (ಸೆಕೆಂಡಿನ ಸಾವಿರದ 12 ಭಾಗ) ಹಿಡಿಯಿತೆನ್ನಿ. ಸಾಲದ ಖಾತೆಯ ಒಂದು ಪುಟ ಡೇಟಾಬೇಸನ್ನು 200 ಸಲ ಕೇಳಿದರೆ ದಾರಿಯಲ್ಲೇ 2.4 ಸೆಕೆಂಡ್ ಹೋಯಿತು. ಕೌಂಟರಿನ ಮುಂದೆ ಸಾಲು ಬೆಳೆಯಲು ಅಷ್ಟು ಸಾಕು.

ದೂರದ ಕಾರಣಕ್ಕೇ ಹೈದರಾಬಾದಿನಲ್ಲಿರುವ ಪ್ರತಿಯು ಬೆಂಗಳೂರಿಗಿಂತ ಕೆಲವು ಸೆಕೆಂಡ್ ಹಿಂದಿರುತ್ತದೆ. ಸ್ಥಳಾಂತರವಾದ ದಿನ ಕೊನೆಯ ಹತ್ತು ನಿಮಿಷದ ರಸೀದಿಗಳನ್ನು ಪರದೆಯ ಜೊತೆ ತಾಳೆ ನೋಡಿ, ಬಿಟ್ಟುಹೋದದ್ದನ್ನು ಮತ್ತೆ ನಮೂದಿಸಿ. ಎಲ್ಲರೂ ಹೊಸದಾಗಿ ಲಾಗಿನ್ ಆಗಬೇಕಾಗುತ್ತದೆ.

ಸ್ಥಳಾಂತರ ತಾನೇ ತಾನಾಗಿ ನಡೆಯದು. ಕೇಂದ್ರಗಳ ನಡುವಿನ ಲೈನ್ ಮಾತ್ರ ಕಡಿದಾಗ ಎರಡೂ ಕಡೆ ‘ಆಚೆಯದು ಸತ್ತಿದೆ’ ಎಂದುಕೊಂಡು ಜಮೆ ಬರೆಯತೊಡಗಿದರೆ, ಆಮೇಲೆ ಆ ಎರಡು ಲೆಕ್ಕಗಳನ್ನು ಕೂಡಿಸುವುದು ದೊಡ್ಡ ತಲೆನೋವು. ಅದಕ್ಕೇ ಮುಂಬೈಯಲ್ಲಿ ಸಾಕ್ಷಿಯಾಗಿ ಮೂರನೇ ಸಣ್ಣ ಸರ್ವರ್ ಇದೆ. ಬೆಂಗಳೂರು ಕೇಂದ್ರ ನಿಂತಿದೆ ಎಂದು ಮೂರರಲ್ಲಿ ಎರಡು ಒಪ್ಪಿ, ಬೆಂಗಳೂರಿನಲ್ಲಿ ಬರವಣಿಗೆ ನಿಂತದ್ದು ಖಚಿತವಾದ ಮೇಲೆ ಪಾಳಿಯ ಎಂಜಿನಿಯರ್ ಅನುಮತಿ ಕೊಡುತ್ತಾರೆ. ಇದರಿಂದ ಹತ್ತು-ಹದಿನೈದು ನಿಮಿಷ ತಡವಾದೀತು. ಆಗಲಿ ಎಂಬುದು ನಮ್ಮ ನಿಲುವು.

ಇನ್ನು ನಿಮ್ಮ ಕೆಲಸ. ಯಾವ ಕಂಪ್ಯೂಟರಿನಲ್ಲಾದರೂ ನಮ್ಮ ಸರ್ವರಿನ ಐಪಿ ವಿಳಾಸವನ್ನೇ (ಅಂಕಿಗಳಲ್ಲಿರುವ ವಿಳಾಸ) ನೇರವಾಗಿ ಬರೆದಿದ್ದರೆ ತೆಗೆದು ಸರ್ವರಿನ ಹೆಸರು ಹಾಕಿ. ಹೆಸರಿನ ಡಿಎನ್‌ಎಸ್ ಅವಧಿಯನ್ನು (ಆ ಹೆಸರಿನ ಐಪಿ ಯಾವುದೆಂದು ಕಂಪ್ಯೂಟರ್ ನೆನಪಿಟ್ಟುಕೊಳ್ಳುವ ಸಮಯ) 60 ಸೆಕೆಂಡಿಗೆ ಇಳಿಸಿದ್ದೇವೆ, ಐಪಿ ಬರೆದಿಟ್ಟ ಕಂಪ್ಯೂಟರ್ ಮಾತ್ರ ಹಳೆಯ ಬಾಗಿಲನ್ನೇ ತಟ್ಟುತ್ತಿರುತ್ತದೆ. ಶಾಖೆಯ ರೂಟರಿನಲ್ಲಿ ಹೈದರಾಬಾದಿಗೆ ಎರಡನೇ ವಿಪಿಎನ್ ಸುರಂಗ (ಇಂಟರ್ನೆಟ್ ಮೇಲಿನ ಸುರಕ್ಷಿತ ಖಾಸಗಿ ಸಂಪರ್ಕ) ಹಾಕಿಸಿ, ಸದಾ ಚಾಲೂ ಇಡಿ. ಮೂರನೆಯದು ಹೆಚ್ಚಿನವರು ಮರೆಯುವಂಥದ್ದು: ನಿಮ್ಮ ಎಸ್‌ಎಂಎಸ್ ಕಂಪನಿಯ ಅನುಮತಿ ಪಟ್ಟಿಗೆ ನಮ್ಮ ಹೈದರಾಬಾದ್ ವಿಳಾಸವನ್ನೂ ಸೇರಿಸಿ. ಇಲ್ಲವಾದರೆ ತಂತ್ರಾಂಶ ಚೆನ್ನಾಗಿ ತೆರೆದುಕೊಳ್ಳುತ್ತದೆ, ಸದಸ್ಯರಿಗೆ ಒಟಿಪಿ ಹೋಗುವುದಿಲ್ಲ.

ಪ್ರಾಯೋಗಿಕ ಸ್ಥಳಾಂತರ ಮುಂದಿನ ತಿಂಗಳ ಎರಡನೇ ಶನಿವಾರ ರಾತ್ರಿ 10ಕ್ಕೆ. ಭಾನುವಾರ ಬೆಳಗ್ಗೆ ಪ್ರತಿ ಶಾಖೆಯಿಂದ ಒಬ್ಬರು ಲಾಗಿನ್ ಆಗಿ, ಒಂದು ರಸೀದಿ ಮುದ್ರಿಸಿ, ಒಂದು ಒಟಿಪಿ ತರಿಸಿ ನೋಡಿ ಸಹಾಯವಾಣಿಗೆ ತಿಳಿಸಬೇಕು. ಮಾರ್ಚ್ ತಿಂಗಳಲ್ಲಿ ಇಂಥ ಪ್ರಯೋಗ ಇರುವುದಿಲ್ಲ. ಮಾಸಿಕ ಶುಲ್ಕ ಈ ಆರ್ಥಿಕ ವರ್ಷದಲ್ಲಿ ಬದಲಾಗದು.

ಇಂತಿ,
ಜಾಲ ನಿರ್ವಹಣಾ ವಿಭಾಗ