ಟೀಚರ್ ಸ್ಮರಣಾರ್ಥ ವಿದ್ಯಾರ್ಥಿವೇತನ: ಅರ್ಜಿ ತುಂಬುವ ಮುನ್ನ

ಮಾನ್ಯ ಪೋಷಕರೇ,

ನಮಸ್ಕಾರ. ದೈಹಿಕ ಅಂಗವೈಕಲ್ಯವಿರುವ ಮಕ್ಕಳಿಗೆ ಪಾಠ ಹೇಳುತ್ತಿದ್ದ ನಮ್ಮ ದಿವಂಗತ ಶಿಕ್ಷಕಿಯ ಹೆಸರಿನಲ್ಲಿ ಈ ಶೈಕ್ಷಣಿಕ ವರ್ಷದಿಂದ ವಿದ್ಯಾರ್ಥಿವೇತನ ಆರಂಭವಾಗುತ್ತಿದೆ. ಅವರ ಹಳೆಯ ವಿದ್ಯಾರ್ಥಿಗಳು, ಸಹೋದ್ಯೋಗಿಗಳು, ಮನೆಯವರು ಕೂಡಿಸಿದ ಹಣವನ್ನು ಠೇವಣಿ ಇಟ್ಟಿದ್ದೇವೆ. ಅಸಲನ್ನು ಮುಟ್ಟುವುದಿಲ್ಲ. ಬಡ್ಡಿಯಲ್ಲೂ ಒಂದು ಪಾಲನ್ನು ಪ್ರತಿವರ್ಷ ಅಸಲಿಗೆ ಸೇರಿಸಿ, ಉಳಿದದ್ದನ್ನಷ್ಟೇ ಹಂಚುತ್ತೇವೆ. ಹಾಗೆ ಸೇರಿಸದಿದ್ದರೆ ಬೆಲೆ ಏರುತ್ತಾ ಹೋದಂತೆ ಅದೇ ಮೊತ್ತಕ್ಕೆ ಏನೂ ಬರದಂತಾಗುತ್ತದೆ. ಸ್ಮಾರಕ ನಿಧಿಗಳು ಸೊರಗುವುದು ಹೆಚ್ಚಾಗಿ ಹೀಗೆಯೇ.

ಮೊದಲೇ ಒಂದು ಮಾತು ಸ್ಪಷ್ಟವಾಗಿರಲಿ. ಶಾಲೆ ಮಾಡಲೇಬೇಕಾದ ಕೆಲಸಕ್ಕೆ ಈ ಹಣ ಬಳಸುವುದಿಲ್ಲ. ರ‍್ಯಾಂಪ್, ನೆಲಮಹಡಿಯ ತರಗತಿ, ಹಿಡಿದುಕೊಳ್ಳಲು ಕಂಬಿಯಿರುವ ಶೌಚಾಲಯ, ಗಾಲಿಕುರ್ಚಿ ಒಳಗೆ ಸೇರುವಷ್ಟು ಎತ್ತರದ ಮೇಜು, ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ, ಬರೆದುಕೊಡಲು ಸ್ಕ್ರೈಬ್, ಇವೆಲ್ಲ ಮಗುವಿನ ಹಕ್ಕು. ವಿಶ್ವಸಂಸ್ಥೆ 2006ರಲ್ಲಿ ಅಂಗೀಕರಿಸಿದ ಅಂಗವಿಕಲರ ಹಕ್ಕುಗಳ ಒಡಂಬಡಿಕೆಯ 24ನೇ ವಿಧಿ, ಪ್ರತಿ ಮಗುವಿನ ಅಗತ್ಯಕ್ಕೆ ತಕ್ಕ ಅನುಕೂಲ ಮಾಡಿಕೊಡಬೇಕೆಂದು ಹೇಳುತ್ತದೆ. ಇಂಥ ಕೊರತೆ ಕಂಡರೆ ಅರ್ಜಿಯಲ್ಲಿ ಬರೆಯಬೇಡಿ, ನೇರವಾಗಿ ನನ್ನನ್ನು ಕೇಳಿ. ರ‍್ಯಾಂಪಿನ ಉದ್ದ ಎತ್ತರದ 12 ಪಟ್ಟಾದರೂ ಇರಬೇಕು, ಅಂದರೆ 15 ಸೆಂ.ಮೀ. ಮೆಟ್ಟಿಲಿಗೆ 180 ಸೆಂ.ಮೀ. ಅದಕ್ಕಿಂತ ಕಡಿದಾದರೆ ಮಗು ತಾನಾಗಿ ಹತ್ತಲಾರದು. ಇಳಿಯುವಾಗ ಕುರ್ಚಿ ಹಿಡಿತ ತಪ್ಪುತ್ತದೆ.

ವಿದ್ಯಾರ್ಥಿವೇತನ ಇರುವುದು ಮನೆಯವರ ಮೇಲೆ ಬೀಳುವ ಖರ್ಚಿಗೆ. ಓಡಾಟ, ಸಹಾಯಕರ ಸಂಬಳ, ಥೆರಪಿ, ಕ್ಯಾಲಿಪರ್ (ಕಾಲಿಗೆ ಆಧಾರವಾಗಿ ಕಟ್ಟುವ ಸಾಧನ), ಕುಶನ್, ಕೈಬರಹ ಕಷ್ಟವಾದ ಮಗುವಿಗೆ ಟೈಪ್ ಮಾಡುವ ಸಾಧನ, ಇಂಥವಕ್ಕೆ. ರಿಪೇರಿಗೆಂದೇ ಒಂದು ಮೊತ್ತವನ್ನು ಬೇರೆಯಾಗಿ ತೆಗೆದಿಟ್ಟಿದ್ದೇವೆ. ಅದಕ್ಕೆ ಕೊನೆಯ ದಿನವಿಲ್ಲ, ವರ್ಷವಿಡೀ ಕೇಳಬಹುದು. ಗಾಲಿಕುರ್ಚಿಯ ಮುಂದಿನ ಪುಟ್ಟ ಚಕ್ರದ ಬೇರಿಂಗ್ ಹೋದರೆ, ಬ್ರೇಕ್ ಸಡಿಲವಾದರೆ ಮಗು ಅಂದಿನಿಂದಲೇ ಮನೆಯಲ್ಲಿ ಕೂರಬೇಕಾಗುತ್ತದೆ. ಪಾಠ ತಪ್ಪುವುದು ದೊಡ್ಡ ಕಾರಣಕ್ಕಿಂತ ಇಂಥ ಸಣ್ಣ ಕಾರಣಕ್ಕೇ ಹೆಚ್ಚು.

ಹೊಸ ಗಾಲಿಕುರ್ಚಿಗೆ ಅರ್ಜಿ ಹಾಕುವವರು ದಯವಿಟ್ಟು ಇದನ್ನು ಗಮನವಿಟ್ಟು ಓದಿ. ಬೆಳೆಯುವ ಮಗುವೆಂದು ಯೂನಿಫಾರಂನಂತೆ ಒಂದು ಸೈಜ್ ದೊಡ್ಡದು ಕೊಳ್ಳಬೇಡಿ. ಸೀಟು ಅಗಲವಾದರೆ ಮಗು ಒಂದು ಪಕ್ಕಕ್ಕೆ ವಾಲಿ ಕೂರುತ್ತದೆ, ಚಕ್ರ ತಳ್ಳಲು ಕೈ ಎಟುಕುವುದಿಲ್ಲ. ಸೀಟು ಉದ್ದವಾದರೆ ಮುಂದಕ್ಕೆ ಜಾರಿ ಬೆನ್ನು ಗೂನಾಗುತ್ತದೆ, ಚರ್ಮ ಉಜ್ಜಿ ಗಾಯವಾಗುತ್ತದೆ. ಗಟ್ಟಿ ಸೀಟಿನ ಮೇಲೆ ಮಗುವನ್ನು ನೆಟ್ಟಗೆ, ಸೊಂಟ ಹಿಂದಕ್ಕೆ ಒರಗುವಂತೆ ಕೂರಿಸಿ ಅಳತೆ ತೆಗೆಯಿರಿ. ಸೊಂಟದ ಅತಿ ಅಗಲವಾದ ಕಡೆ ಒಂದು ಅಳತೆ, ಸೊಂಟದ ಹಿಂಬದಿಯಿಂದ ಮಂಡಿಯ ಹಿಂಭಾಗದವರೆಗೆ ಇನ್ನೊಂದು, ಮಂಡಿಯ ಹಿಂಭಾಗದಿಂದ ಹಿಮ್ಮಡಿಯವರೆಗೆ ಮತ್ತೊಂದು. ಸೀಟಿನ ಅಂಚಿಗೂ ಮಂಡಿಯ ಹಿಂಭಾಗಕ್ಕೂ ನಡುವೆ ಎರಡು ಬೆರಳಿನಷ್ಟಾದರೂ ಜಾಗವಿರಬೇಕು. ಎರಡೂ ಕಾಲು ಅಳೆಯಿರಿ, ಉದ್ದದಲ್ಲಿ ವ್ಯತ್ಯಾಸವಿರಬಹುದು. ಕಳೆದ ವರ್ಷದ ಅಳತೆ ಚೀಟಿಯನ್ನು ಲಗತ್ತಿಸಿದರೆ ನಾವು ಹಿಂದಿರುಗಿಸುತ್ತೇವೆ.

ಸೊಂಟದ ಕೆಳಗೆ ಸ್ಪರ್ಶಜ್ಞಾನವಿಲ್ಲದ ಮಕ್ಕಳಿಗೆ ಕುರ್ಚಿಗಿಂತ ಕುಶನ್ ಮುಖ್ಯ. ಮಗು ಕೂತಿರುವಾಗ ಕುಶನ್ನಿನ ಕೆಳಗೆ ಅಂಗೈ ತೂರಿಸಿ ನೋಡಿ. ಮೂಳೆ ನೇರವಾಗಿ ಕೈಗೆ ತಾಕಿದರೆ ಫೋಮ್ ಕೆಲಸ ಮುಗಿದಿದೆ. ನೋವು ಗೊತ್ತಾಗದ ಜಾಗದಲ್ಲಿ ಹುಣ್ಣಾದರೆ ವಾಸಿಯಾಗಲು ತಿಂಗಳುಗಳೇ ಬೇಕು, ಅಷ್ಟೂ ದಿನ ಶಾಲೆ ತಪ್ಪುತ್ತದೆ. ಕ್ಯಾಲಿಪರ್ ಹಾಕುವ ಮಕ್ಕಳ ಕಾಲನ್ನು ಪ್ರತಿ ಸಂಜೆ ನೋಡಿ. ಬಿಚ್ಚಿ ಅರ್ಧ ಗಂಟೆಯಾದರೂ ಕೆಂಪು ಗುರುತು ಮಾಸದಿದ್ದರೆ ಅದು ಬಿಗಿಯಾಗಿದೆ ಎಂದರ್ಥ, ಅಂದೇ ನಮಗೆ ತಿಳಿಸಿ. ಊರುಗೋಲಿನ ತುದಿಯ ರಬ್ಬರ್ ಸವೆದು ನುಣುಪಾದರೆ ಒದ್ದೆ ನೆಲದಲ್ಲಿ ಜಾರುವುದು ಖಂಡಿತ. ಅದರ ಖರ್ಚು ಅತಿ ಕಡಿಮೆ, ಕೇಳಲು ಸಂಕೋಚ ಬೇಡ.

ಈಗ ಅರ್ಜಿಯ ಮಾತು. ವೈದ್ಯಕೀಯ ಪ್ರಮಾಣಪತ್ರ, ಫಿಸಿಯೋಥೆರಪಿಸ್ಟ್ ಬರೆದ ಟಿಪ್ಪಣಿ, ಉಪಕರಣವಾದರೆ ಕೊಟೇಶನ್, ಇಷ್ಟು ಸಾಕು. ಪ್ರಮಾಣಪತ್ರದಲ್ಲಿರುವ ಹೆಸರು ಶಾಲೆಯ ದಾಖಲೆಯ ಹೆಸರಿಗೆ ಅಕ್ಷರಶಃ ಹೊಂದಬೇಕು. ಇನಿಷಿಯಲ್ ಹಿಂದುಮುಂದಾಗಿದ್ದರೂ ಹಣ ಪಾವತಿ ನಿಂತುಹೋಗುತ್ತದೆ. ‘ಮಗುವಿನ ಅಗತ್ಯ’ ಎಂಬ ಕಾಲಂನಲ್ಲಿ ಕಾಯಿಲೆಯ ಹೆಸರಷ್ಟೇ ಬರೆದರೆ ನಮಗೆ ಏನೂ ತಿಳಿಯುವುದಿಲ್ಲ. ಸೆರೆಬ್ರಲ್ ಪಾಲ್ಸಿ (ಮಿದುಳಿನ ತೊಂದರೆಯಿಂದ ಕೈಕಾಲಿನ ಹತೋಟಿ ಕುಂದುವ ಸ್ಥಿತಿ) ಇರುವ ಇಬ್ಬರು ಮಕ್ಕಳಲ್ಲಿ ಒಬ್ಬರು ಓಡಾಡಬಹುದು, ಇನ್ನೊಬ್ಬರಿಗೆ ತುತ್ತು ಎತ್ತಲೂ ಕೈ ಬೇಕಾಗಬಹುದು. ಬೆಳಗ್ಗೆ ಏಳುವುದರಿಂದ ಸಂಜೆ ಮನೆ ಸೇರುವವರೆಗೆ ಮಗು ಏನನ್ನು ತಾನೇ ಮಾಡುತ್ತದೆ, ಎಲ್ಲಿ ಸಹಾಯ ಬೇಕು, ಎಷ್ಟು ಹೊತ್ತು ಬರೆದರೆ ಕೈ ಸೋಲುತ್ತದೆ ಎಂದು ಬರೆಯಿರಿ. ಕರುಣೆ ಹುಟ್ಟಿಸುವ ಮಾತು ಬೇಡವೇ ಬೇಡ. ಟೀಚರ್ ತಮ್ಮ ಮಕ್ಕಳನ್ನು ಯಾರೂ ಅಯ್ಯೋ ಪಾಪ ಅನ್ನುವುದನ್ನು ಸಹಿಸುತ್ತಿರಲಿಲ್ಲ. ಸಾಧ್ಯವಾದರೆ ಮಗುವನ್ನೇ ಕೇಳಿ ಬರೆಯಿರಿ. ಶೌಚಾಲಯಕ್ಕೆ ಹೋಗಬೇಕಾಗುತ್ತದೆಂದು ದಿನವಿಡೀ ನೀರು ಕುಡಿಯದ ಮಕ್ಕಳಿದ್ದಾರೆ, ಇದನ್ನು ಅವರೇ ಹೇಳಬೇಕು.

ಅಂಕ ನೋಡಿ ಆಯ್ಕೆ ಮಾಡುವುದಿಲ್ಲ. ಆಸ್ಪತ್ರೆ, ಥೆರಪಿ ಎಂದು ತಪ್ಪಿದ ಹಾಜರಿಯನ್ನೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಅರ್ಧ ಮೊತ್ತ ಮೊದಲು, ಉಳಿದರ್ಧ ರಸೀದಿ ಬಂದ ಮೇಲೆ. ಪೂರ್ತಿ ಮುಂಗಡ ಕೊಟ್ಟರೆ ಅಳತೆಗೆ ಹೊಂದದ ಸಾಮಾನನ್ನು ಮಾರಾಟಗಾರರಿಂದ ಸರಿಮಾಡಿಸಿಕೊಳ್ಳುವುದು ಕಷ್ಟ. ಪಡೆದವರ ಹೆಸರನ್ನು ಸೂಚನಾಫಲಕಕ್ಕೆ ಹಾಕುವುದಿಲ್ಲ, ವೇದಿಕೆಗೆ ಕರೆದು ಚೆಕ್ ಕೊಟ್ಟು ಫೋಟೊ ತೆಗೆಸುವುದೂ ಇಲ್ಲ.

ನಿಧಿಗೆ ಕೊಡಲು ಇಚ್ಛಿಸುವವರು ಕಚೇರಿಯಲ್ಲಿ ಕೊಟ್ಟು ರಸೀದಿ ಪಡೆಯಿರಿ, ಮಕ್ಕಳ ಕೈಯಲ್ಲಿ ಕಳಿಸಬೇಡಿ. ಹಳೆಯ ಗಾಲಿಕುರ್ಚಿ ಕೊಡುವುದಾದರೆ ಸೀಟಿನ ಅಗಲ ಅಳೆದು ಮೊದಲು ತಿಳಿಸಿ.

ಅರ್ಜಿಗಳು ಕಚೇರಿಯಲ್ಲಿವೆ. ತುಂಬಿಸಿ ಈ ತಿಂಗಳ ಕೊನೆಯ ಕೆಲಸದ ದಿನದೊಳಗೆ ಕೊಡಿ. ಬರೆಯಲು ತೊಂದರೆಯಿದ್ದವರು ಶಾಲೆ ಬಿಟ್ಟ ಮೇಲೆ ಬನ್ನಿ, ಕೂತು ಬರೆದುಕೊಡುತ್ತೇವೆ.

ಇಂತಿ ತಮ್ಮ ವಿಶ್ವಾಸಿ,
ಮುಖ್ಯ ಶಿಕ್ಷಕರು