ಬಿಕಾಂ, ಬಿಬಿಎ ಪೋಷಕರಿಗೆ: ಲೆಕ್ಕದ ತರಗತಿಯಲ್ಲಿ ಬೈಬಲ್ ಯಾಕೆ?

ಪ್ರೀತಿಯ ಪೋಷಕರೇ,

ನಮಸ್ಕಾರ. ಈ ಸೆಮಿಸ್ಟರ್‌ನಿಂದ ಎರಡನೇ ವರ್ಷದ ಬಿಕಾಂ, ಬಿಬಿಎ ತರಗತಿಗಳಲ್ಲಿ ಒಂದು ಬದಲಾವಣೆ ಮಾಡಿದ್ದೇವೆ. ಅಕೌಂಟ್ಸ್, ಫೈನಾನ್ಸ್, ಹೆಚ್‌ಆರ್ ಪಾಠಗಳ ಒಳಗೇ ಕ್ರೈಸ್ತ ನಂಬಿಕೆಯ ವಿಚಾರಗಳನ್ನೂ ಚರ್ಚೆಗೆ ತರುತ್ತಿದ್ದೇವೆ. ಸುದ್ದಿ ಕೇಳಿ ನಿಮ್ಮಲ್ಲಿ ಕೆಲವರು ಫೋನ್ ಮಾಡಿದಿರಿ. "ಮಗಳು ಲೆಕ್ಕ ಕಲಿಯಲಿ ಅಂತ ಕಳಿಸಿದ್ದು ಸರ್, ಇದೆಲ್ಲ ಯಾಕೆ?" ಎಂದು ಒಬ್ಬ ತಾಯಿ ಕೇಳಿದರು. ತಪ್ಪದೆ ಚರ್ಚ್‌ಗೆ ಹೋಗುವ ತಂದೆಯೊಬ್ಬರದ್ದು ಬೇರೆ ಪ್ರಶ್ನೆ. "ಬೆಳಿಗ್ಗೆ ಪ್ರಾರ್ಥನೆ ಇದೆಯಲ್ಲ, ಅಷ್ಟು ಸಾಲದಾ?"

ಸಾಲದು ಅಂತಲೇ ನನ್ನ ಅಭಿಪ್ರಾಯ. ಬೆಳಿಗ್ಗೆ ಒಂಬತ್ತಕ್ಕೆ ಪ್ರಾರ್ಥನೆ ಮಾಡಿಸಿ, ಹತ್ತಕ್ಕೆ "ಸಾಲಕ್ಕೆ ಮಾಲು ಕೊಟ್ಟವರಿಗೆ ಎಷ್ಟು ತಡವಾಗಿ ದುಡ್ಡು ಕೊಟ್ಟರೆ ಕಂಪನಿಗೆ ಅಷ್ಟು ಒಳ್ಳೆಯದು" ಎಂದು ಕಲಿಸಿ ಸುಮ್ಮನಾದರೆ, ಮಕ್ಕಳಿಗೆ ಏನು ಅರ್ಥವಾಗುತ್ತದೆ? ದೇವರು ಬೇರೆ, ವ್ಯಾಪಾರ ಬೇರೆ ಅಂತ ತಾನೇ? ಹಾಗೆ ಕಲಿಸಲು ನನಗೆ ಮನಸ್ಸಿಲ್ಲ.

ತರಗತಿಯಲ್ಲಿ ಏನು ನಡೆಯುತ್ತದೆ ಅಂತ ಒಂದು ಉದಾಹರಣೆ ಹೇಳುತ್ತೇನೆ. ವರ್ಕಿಂಗ್ ಕ್ಯಾಪಿಟಲ್ ಪಾಠ, ಅಂದರೆ ವ್ಯಾಪಾರದ ದಿನದಿನದ ಖರ್ಚಿಗೆ ಬೇಕಾದ ದುಡ್ಡಿನ ಲೆಕ್ಕ. ಒಂದು ದೊಡ್ಡ ಕಂಪನಿಗೆ ಸಮವಸ್ತ್ರ ಹೊಲಿದು ಕೊಡುವ ಸಣ್ಣ ಘಟಕವೊಂದಿದೆ, ನಡೆಸುವವರು ಒಬ್ಬ ಹೆಂಗಸು ಅಂದುಕೊಳ್ಳಿ. ಬಿಲ್ 1,00,000 ರೂಪಾಯಿ. ಕಂಪನಿ ದುಡ್ಡು ಕೊಡುವುದು 90 ದಿನ ಕಳೆದ ಮೇಲೆ. ಅಲ್ಲಿವರೆಗೆ ಕೆಲಸದವರ ಕೂಲಿಗೆ, ಬಟ್ಟೆಯ ಬಾಕಿಗೆ ಆಕೆ ಅಷ್ಟೇ ಮೊತ್ತವನ್ನು ವರ್ಷಕ್ಕೆ ಶೇ. 24ರ ಬಡ್ಡಿಗೆ ತರುತ್ತಾರೆ. ಬಡ್ಡಿ ಎಷ್ಟಾಯಿತು? ಮಕ್ಕಳು ಕ್ಯಾಲ್ಕುಲೇಟರ್ ಒತ್ತುತ್ತಾರೆ. 5,918 ರೂಪಾಯಿ. ಆ ಬಿಲ್ಲಿನಲ್ಲಿ ಆಕೆಗೆ ನೂರಕ್ಕೆ ಹತ್ತು ಲಾಭ ಇತ್ತು ಅಂದರೂ, ಅರ್ಧಕ್ಕಿಂತ ಜಾಸ್ತಿ ಬಡ್ಡಿಗೇ ಹೋಯಿತು. ಕಂಪನಿಯ ಲೆಕ್ಕದಲ್ಲಿ ಮಾತ್ರ ಇದು ಜಾಣ ನಿರ್ವಹಣೆ.

ಇಲ್ಲಿ ಉಪನ್ಯಾಸಕರು ಎರಡು ವಿಷಯ ಮೇಜಿನ ಮೇಲಿಡುತ್ತಾರೆ. ಒಂದು, 2006ರ ಎಂಎಸ್‌ಎಂಇ ಕಾಯಿದೆ, ಅಂದರೆ ಅತಿಸಣ್ಣ, ಸಣ್ಣ, ಮಧ್ಯಮ ಉದ್ಯಮಗಳ ಕಾಯಿದೆ. ಸಣ್ಣ ಘಟಕಗಳಿಂದ ಮಾಲು ತಗೊಂಡರೆ, ಒಪ್ಪಂದದಲ್ಲಿ ಏನೇ ಬರೆದಿದ್ದರೂ 45 ದಿನದೊಳಗೆ ಹಣ ಕೊಡಲೇಬೇಕು. ತಪ್ಪಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಬೀಳುತ್ತದೆ. ಇನ್ನೊಂದು, ಬೈಬಲಿನ ಧರ್ಮೋಪದೇಶಕಾಂಡದ 24ನೇ ಅಧ್ಯಾಯ. ಬಡ ಕೂಲಿಯವನ ಕೂಲಿಯನ್ನು ಅದೇ ದಿನ, ಹೊತ್ತು ಮುಳುಗುವ ಮೊದಲೇ ಕೊಟ್ಟುಬಿಡಬೇಕು ಅನ್ನುತ್ತದೆ ಅದು. ಕಾರಣವನ್ನೂ ಹೇಳುತ್ತದೆ: ಅವನು ಬಡವ, ಆ ದುಡ್ಡನ್ನೇ ನೆಚ್ಚಿಕೊಂಡಿದ್ದಾನೆ. ಆಮೇಲೆ ಮಕ್ಕಳೇ ಮಾತಾಡಬೇಕು. ಕಾನೂನು 45 ದಿನ ಅಂದಿದೆ ಅಂತ 44ನೇ ದಿನದವರೆಗೆ ಕಾಯುವುದು ಸರಿಯಾ? ಕಂಪನಿಯ ಕೈಯಲ್ಲೇ ದುಡ್ಡಿಲ್ಲದಿದ್ದರೆ ಏನು ಮಾಡುವುದು? ಈ ಚರ್ಚೆ ಬಿಸಿಯೇರುತ್ತದೆ. ಅಂಗಡಿ ಇಟ್ಟವರ ಮನೆಯ ಮಕ್ಕಳು ಜಾಸ್ತಿ ಮಾತಾಡುತ್ತಾರೆ. ಉದ್ರಿ ಅಂದರೆ ಏನು ಅಂತ ಅವರಿಗೆ ಪುಸ್ತಕದಿಂದ ತಿಳಿಯಬೇಕಾಗಿಲ್ಲ, ಅಲ್ವಾ?

ಅಕೌಂಟ್ಸ್‌ಗೂ ನಂಬಿಕೆಗೂ ನಂಟು ಹಾಕಿದವರು ನಾವೇ ಮೊದಲಲ್ಲ. ಪ್ರತಿ ವ್ಯವಹಾರವನ್ನೂ ಡೆಬಿಟ್, ಕ್ರೆಡಿಟ್ ಎರಡೂ ಕಡೆ ಬರೆಯುವ ಡಬಲ್ ಎಂಟ್ರಿ ಪದ್ಧತಿಯನ್ನು ವಿವರವಾಗಿ ಬರೆದು ಅಚ್ಚು ಹಾಕಿಸಿದ ಇಟಲಿಯ ಲೂಕಾ ಪಚೋಲಿ ಕ್ಯಾಥೊಲಿಕ್ ಚರ್ಚಿನ ಫ್ರಾನ್ಸಿಸ್ಕನ್ ಸಭೆಯ ಸನ್ಯಾಸಿ. ಅವರ ಪುಸ್ತಕ ವೆನಿಸ್‌ನಲ್ಲಿ ಅಚ್ಚಾದದ್ದು 1494ರಲ್ಲಿ. ಲೆಕ್ಕವನ್ನು ದೇವರ ಹೆಸರಿನಿಂದ ಶುರುಮಾಡಿ ಎನ್ನುತ್ತಾರೆ ಅವರು. ಕೊಳ್ಳುವವನಿಗೊಂದು, ಮಾರುವವನಿಗೊಂದು ಅಂತ ಎರಡು ಲೆಕ್ಕ ಇಡುವವರನ್ನು ಅದೇ ಪುಸ್ತಕದಲ್ಲಿ ಬಯ್ಯುತ್ತಾರೆ. ನಮ್ಮಲ್ಲಿ ದೀಪಾವಳಿಯ ಅಂಗಡಿ ಪೂಜೆಗೆ ಹೊಸ ಪುಸ್ತಕಕ್ಕೆ ಅರಿಶಿನ ಕುಂಕುಮ ಹಚ್ಚಿ, ಮೊದಲ ಪುಟದಲ್ಲಿ 'ಶ್ರೀ' ಬರೆಯುತ್ತೇವಲ್ಲ, ಅದರ ಹಿಂದಿನ ಭಾವನೆಯೂ ಇದಕ್ಕೆ ದೂರದ್ದಲ್ಲ. ಎರಡನೇ ಪುಟದಿಂದ ಏನು ಬರೆಯುತ್ತೇವೆ ಎಂಬುದೇ ನಮ್ಮ ಪಾಠ.

ಮಂಗಳೂರಿನ ಮಕ್ಕಳಿಗೆ ಇದನ್ನು ಕಲಿಸಲು ದೂರ ಹೋಗಬೇಕಾಗಿಯೂ ಇಲ್ಲ. 1834ರಲ್ಲಿ ಇಲ್ಲಿಗೆ ಬಂದ, ಸ್ವಿಟ್ಜರ್ಲೆಂಡಿನ ಕ್ರೈಸ್ತ ಮಿಶನರಿ ಸಂಸ್ಥೆ ಬಾಸೆಲ್ ಮಿಶನ್‌ನವರಿಗೆ ಬೇಗನೆ ಒಂದು ಕಷ್ಟ ಎದುರಾಯಿತು. ಮತ ಬದಲಿಸಿದವರಿಗೆ ಮನೆ, ಕಸುಬು ಎರಡೂ ತಪ್ಪಿಹೋಗುತ್ತಿತ್ತು. ಅವರ ಹೊಟ್ಟೆಪಾಡಿಗೆ ದಾರಿ ಹುಡುಕುತ್ತಾ ಮಿಶನ್ ನೇಯ್ಗೆಗೆ ಕೈ ಹಾಕಿತು. 1865ರಲ್ಲಿ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಶುರುವಾಯಿತು. ಮಿಶನ್ನಿನ ಮುದ್ರೆಯಿರುವ ಹೆಂಚು ಇವತ್ತಿಗೂ ನಮ್ಮ ಹಳೆ ಮನೆಗಳ ಮಾಡಿನಲ್ಲಿ ಸಿಗುತ್ತದೆ. ದೊಡ್ಡ ಕೆಲಸ ಅದು, ನನಗೆ ಅದರ ಬಗ್ಗೆ ಗೌರವ ಇದೆ. ಆದರೆ ಮಕ್ಕಳ ಮುಂದೆ ಅದನ್ನು ಬರೀ ಹೊಗಳುವುದಿಲ್ಲ. ವ್ಯಾಪಾರ ಮಾಡುವುದು ಮಿಶನ್ನಿಗೆ ತಕ್ಕದ್ದೋ ಅಲ್ಲವೋ ಅಂತ ಮಿಶನ್ನಿನ ಒಳಗೇ ಜಗಳ ಇತ್ತು. ಜೊತೆಗೆ ಕಷ್ಟದ ಪ್ರಶ್ನೆಯೊಂದಿದೆ. ಕೂಲಿ ಕೊಡುವ ಕೈಯೂ ಧರ್ಮ ಹೇಳುವ ಬಾಯಿಯೂ ಒಬ್ಬರದೇ ಆದರೆ, ಕೆಲಸಗಾರ ಮನಸ್ಸು ಬಿಚ್ಚಿ 'ಬೇಡ' ಅನ್ನಬಲ್ಲನೇ?

ಆ ಪ್ರಶ್ನೆ ನಮ್ಮ ಕಾಲೇಜಿಗೂ ಅನ್ವಯಿಸುತ್ತದೆ, ಯಾಕೆಂದರೆ ಇಲ್ಲಿ ಮಾರ್ಕ್ಸ್ ಹಾಕುವವರು ನಾವು. ಅದಕ್ಕೇ ಇದನ್ನು ಸ್ಪಷ್ಟವಾಗಿ ಬರೆಯುತ್ತಿದ್ದೇನೆ. ಬೈಬಲಿನ ಮಾತನ್ನು ಒಪ್ಪಿದ್ದಕ್ಕೆ ಯಾರಿಗೂ ಒಂದು ಅಂಕವೂ ಸಿಗುವುದಿಲ್ಲ. ಒಪ್ಪದಿದ್ದಕ್ಕೆ ಒಂದು ಅಂಕವೂ ಕಡಿತವಾಗುವುದಿಲ್ಲ. ಇಂಟರ್ನಲ್ ಮಾರ್ಕ್ಸ್ ಇರುವುದು ಲೆಕ್ಕಕ್ಕೆ, ವಾದಕ್ಕೆ, ಕಾನೂನಿನ ತಿಳಿವಳಿಕೆಗೆ. ಸಂವಿಧಾನದ 28(3)ನೇ ವಿಧಿಯ ಪ್ರಕಾರ ಸರ್ಕಾರದ ಮಾನ್ಯತೆ ಪಡೆದ ಕಾಲೇಜಿನಲ್ಲಿ ಧಾರ್ಮಿಕ ಬೋಧನೆಗಾಗಲಿ, ಪ್ರಾರ್ಥನೆಗಾಗಲಿ ಯಾರನ್ನೂ ಒಪ್ಪಿಗೆಯಿಲ್ಲದೆ ಕೂರಿಸುವಂತಿಲ್ಲ. ಅಪ್ರಾಪ್ತರಾದರೆ ಪೋಷಕರ ಒಪ್ಪಿಗೆ ಬೇಕು. ನಿಮ್ಮ ಮಕ್ಕಳಿಗೆ 18 ದಾಟಿದ್ದರೆ ಒಪ್ಪಿಗೆ ಅವರದ್ದೇ. ನೀವು ಬೇಡ ಅಂದರೂ ಅವರು ಕೂರಬಹುದು, ನೀವು ಕೂರು ಅಂದರೂ ಅವರು ಬೇಡ ಅನ್ನಬಹುದು. ಕ್ರೈಸ್ತ ಮನೆಯ ಪೋಷಕರಿಗೂ ಇದೇ ಮಾತು.

ಹಿಂದೂ, ಮುಸ್ಲಿಂ, ಜೈನ ಮನೆಯ ಮಕ್ಕಳು ತಮ್ಮ ಮನೆಯ ಮಾತನ್ನೂ ತರಗತಿಗೆ ತರಲಿ. ಕಾಯಕದ ಬಗ್ಗೆ ಶರಣರು ಹೇಳಿದ್ದು, ಅಳತೆಯಲ್ಲಿ ಮೋಸ ಮಾಡುವವರನ್ನು ಕುರಾನ್ ಖಂಡಿಸಿದ್ದು, ಬೇಕಾದ್ದಕ್ಕಿಂತ ಹೆಚ್ಚು ಕೂಡಿಡಬಾರದು ಅನ್ನುವ ಜೈನ ವ್ಯಾಪಾರಿಗಳ ಅಪರಿಗ್ರಹ, ಇವೆಲ್ಲ ಮೇಜಿನ ಮೇಲಿದ್ದರೆ ಚರ್ಚೆಗೆ ಬಲ ಬರುತ್ತದೆ. ನಮ್ಮ ನಂಬಿಕೆಯನ್ನು ನಾವು ಮುಚ್ಚಿಡುವುದಿಲ್ಲ. ನಿಮ್ಮದನ್ನು ಮುಚ್ಚಿಡಿ ಅಂತಲೂ ಹೇಳುವುದಿಲ್ಲ.

ಪ್ಲೇಸ್‌ಮೆಂಟ್‌ಗೆ ಇದರಿಂದ ಏನು ಉಪಯೋಗ ಅಂತಲೂ ಕೇಳಿದಿರಿ. 2009ರ ಜನವರಿಯಲ್ಲಿ ಹೈದರಾಬಾದಿನ ಸಾಫ್ಟ್‌ವೇರ್ ಕಂಪನಿ ಸತ್ಯಂನ ಅಧ್ಯಕ್ಷರು ತಮ್ಮ ಪತ್ರದಲ್ಲಿ ಒಪ್ಪಿಕೊಂಡದ್ದು ನೆನಪಿರಬಹುದು. ಪುಸ್ತಕದಲ್ಲಿದ್ದ 5,361 ಕೋಟಿ ರೂಪಾಯಿ ನಗದು ಮತ್ತು ಬ್ಯಾಂಕ್ ಶಿಲ್ಕಿನಲ್ಲಿ 5,040 ಕೋಟಿ ಇರಲೇ ಇಲ್ಲ. ಆ ಲೆಕ್ಕ ಬರೆದವರಿಗೆ ಅಕೌಂಟ್ಸ್ ಚೆನ್ನಾಗಿಯೇ ಬರುತ್ತಿತ್ತು. ನಿಮ್ಮ ಮಗ ಅಥವಾ ಮಗಳು ನಾಳೆ ಅಂಥದೊಂದು ಕುರ್ಚಿಯಲ್ಲಿ ಕೂತಾಗ, ಮೇಲಿನವರು "ಇಲ್ಲೊಂದು ಸಹಿ ಹಾಕಮ್ಮ" ಅನ್ನುತ್ತಾರೆ. ಆಗ 'ಇಲ್ಲ ಸರ್' ಅನ್ನುವ ಅಭ್ಯಾಸ ಇಲ್ಲೇ ಆಗಲಿ ಅಂತ ನನ್ನ ಆಸೆ.

ನಿಮ್ಮಿಂದ ಒಂದು ಸಹಾಯ ಬೇಕು. ನೀವು ಅಂಗಡಿ, ಹೋಟೆಲ್, ಗ್ಯಾರೇಜ್, ಕಾಂಟ್ರ್ಯಾಕ್ಟ್ ಏನೇ ನಡೆಸುತ್ತಿದ್ದರೂ, ನಿಮಗೆ ಯಾರು ಬಾಕಿ ಉಳಿಸಿಕೊಂಡಿದ್ದಾರೆ, ನೀವು ಯಾರಿಗೆ ಕೊಡಬೇಕು ಅಂತ ಮಕ್ಕಳ ಹತ್ತಿರ ಒಮ್ಮೆ ಕೂತು ಮಾತಾಡಿ. ಹೆಸರು, ಮೊತ್ತ ಕಾಲೇಜಿಗೆ ಹೇಳಬೇಕಾಗಿಲ್ಲ. ಎಷ್ಟು ದಿನಕ್ಕೆ ದುಡ್ಡು ಬರುತ್ತದೆ, ತಡವಾದರೆ ಮನೆಯಲ್ಲಿ ಏನಾಗುತ್ತದೆ, ಅಷ್ಟು ಅವರು ತಿಳಿದುಕೊಂಡು ಬಂದರೆ ಸಾಕು.

ಒಪ್ಪಿಗೆ ಪತ್ರ ಮಕ್ಕಳ ಕೈಯಲ್ಲಿ ಕಳಿಸಿದ್ದೇವೆ. ಭರ್ತಿ ಮಾಡಿ ಈ ತಿಂಗಳ ಕೊನೆಯೊಳಗೆ ಕ್ಲಾಸ್ ಮೆಂಟರ್‌ಗೆ ಕೊಡಲಿ. 'ಬೇಡ' ಎಂದು ಬರೆದವರಿಗೆ ಅದೇ ಲೆಕ್ಕವನ್ನು ಕಾಯಿದೆಯ ಭಾಗದೊಂದಿಗೆ ಮಾತ್ರ ಕೊಡುತ್ತೇವೆ. ಕಾರಣ ಕೇಳುವುದಿಲ್ಲ. ಪಾಠದ ಹಾಳೆಗಳು ಆಫೀಸಿನಲ್ಲಿವೆ, ಯಾವ ಕೆಲಸದ ದಿನವಾದರೂ ಬಂದು ಓದಿ ನೋಡಬಹುದು.

ಇಂತಿ ನಿಮ್ಮ,
ಪ್ರಾಂಶುಪಾಲರು